ಎಲೆಕ್ಟ್ರಾನಿಕ್ ಸಸ್ಪೆನ್ಷನ್ ಮತ್ತು ಅದರ ಮೋಡ್‌ಗಳು: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರು, ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಗಾಡಿ ಬಿಟ್ಟು ಕಾಯುತ್ತಿದ್ದವರು, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಬರೆದು ಕೇಳಿದವರು ಕೆಲವು ವರ್ಷಗಳಿಂದ ಮತ್ತೆ ಮತ್ತೆ ಎತ್ತಿದ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಒಂದೊಂದು ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲು ತಿಳಿದಿರಬೇಕಾದದ್ದು

ಮೋಡ್ ಬಟನ್ ಒತ್ತಿದರೆ ಗಾಡಿಯ ಅಡಿಯಲ್ಲಿ ನಿಜವಾಗಿ ಏನು ಬದಲಾಗುತ್ತದೆ?

ಗಾಡಿಯ ಮೈಗೂ ಚಕ್ರಕ್ಕೂ ನಡುವೆ ಇರುವ ಜೋಡಣೆಯೇ ಸಸ್ಪೆನ್ಷನ್. ಅದರಲ್ಲಿ ಗಾಡಿಯ ಭಾರವನ್ನು ಹೊರುವುದು ಸ್ಪ್ರಿಂಗ್. ಗುಂಡಿಗೆ ಬಿದ್ದು ಮೇಲೆದ್ದ ಸ್ಪ್ರಿಂಗ್ ಹತ್ತು ಬಾರಿ ಕುಣಿಯದಂತೆ ತಡೆಯುವುದು ಶಾಕ್ ಅಬ್ಸಾರ್ಬರ್. ಶಾಕ್ ಅಬ್ಸಾರ್ಬರಿನ ಕೊಳವೆಯೊಳಗೆ ಎಣ್ಣೆಯಿರುತ್ತದೆ. ಪಿಸ್ಟನ್ ಮೇಲೆ ಕೆಳಗೆ ಓಡಾಡುವಾಗ ಆ ಎಣ್ಣೆ ಸಣ್ಣ ರಂಧ್ರಗಳ ಮೂಲಕ ಹಾದುಹೋಗಬೇಕಾಗುತ್ತದೆ. ಸೈಕಲ್ ಪಂಪಿನ ಬಾಯನ್ನು ಹೆಬ್ಬೆರಳಿನಿಂದ ಅರ್ಧ ಮುಚ್ಚಿ ಹಿಡಿಕೆ ಒತ್ತಿ ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ: ಬೆರಳು ಬಿಗಿಯಾದಷ್ಟೂ ಹಿಡಿಕೆ ನಿಧಾನವಾಗಿ ಇಳಿಯುತ್ತದೆ. ಎಲೆಕ್ಟ್ರಾನಿಕ್ ಶಾಕ್ ಅಬ್ಸಾರ್ಬರಿನಲ್ಲಿ ಆ ಹೆಬ್ಬೆರಳಿನ ಕೆಲಸವನ್ನು ವಿದ್ಯುತ್ತಿನಿಂದ ನಡೆಯುವ ಒಂದು ವಾಲ್ವ್ ಮಾಡುತ್ತದೆ. ನೀವು ಮೋಡ್ ಬದಲಾಯಿಸಿದಾಗ ಆ ವಾಲ್ವ್ ಎಷ್ಟು ಬಿಗಿಯಾಗಬಹುದು, ಎಷ್ಟು ಸಡಿಲವಾಗಬಹುದು ಎಂಬ ಮಿತಿ ಬದಲಾಗುತ್ತದೆ. ಸ್ಪ್ರಿಂಗ್ ಹಾಗೆಯೇ ಇರುತ್ತದೆ. ಈ ಒಂದು ಮಾತು ನೆನಪಿದ್ದರೆ ಮುಂದಿನ ಅರ್ಧ ಗೊಂದಲ ತಾನಾಗಿ ಕರಗುತ್ತದೆ.

ನಮ್ಮ ಗಾಡೀಲೂ ಇಕೋ, ಸಿಟಿ, ಸ್ಪೋರ್ಟ್ ಅಂತ ಮೂರು ಇದೆ. ಅದೂ ಇದೇ ಅಲ್ವಾ ಸಾರ್?

ಬಹುಪಾಲು ಅಲ್ಲ. ಟಾಟಾ ಹ್ಯಾರಿಯರ್‌ನ ಇಕೋ, ಸಿಟಿ, ಸ್ಪೋರ್ಟ್ ಆಗಲಿ, ಇನ್ನೋವಾ ಕ್ರಿಸ್ಟಾದ ಇಕೋ, ಪವರ್ ಆಗಲಿ ಮುಖ್ಯವಾಗಿ ಆಕ್ಸಿಲರೇಟರಿಗೆ ಎಂಜಿನ್ ಹೇಗೆ ಸ್ಪಂದಿಸಬೇಕು ಎಂಬುದನ್ನು ನಿರ್ಧರಿಸುತ್ತವೆ. ಶಾಕ್ ಅಬ್ಸಾರ್ಬರನ್ನು ಮುಟ್ಟುವುದಿಲ್ಲ. ಮಹೀಂದ್ರಾ ಎಕ್ಸ್‌ಯುವಿ700 ಇನ್ನೊಂದು ಬಗೆಯದು. ಅದರ ಶಾಕ್ ಅಬ್ಸಾರ್ಬರ್ ರಸ್ತೆಯ ಕಂಪನದ ವೇಗಕ್ಕೆ ತಕ್ಕಂತೆ ಯಾಂತ್ರಿಕವಾಗಿಯೇ ಸ್ವಲ್ಪ ಮೆತ್ತಗಾಗುತ್ತದೆ, ಆದರೆ ಅದಕ್ಕೆ ವೈರೂ ಇಲ್ಲ, ಬಟನ್ನೂ ಇಲ್ಲ. ಮೋಡ್ ಒತ್ತಿದರೆ ಶಾಕ್ ಅಬ್ಸಾರ್ಬರೇ ಬದಲಾಗುವ ವ್ಯವಸ್ಥೆ 2022ರಲ್ಲಿ ಇಲ್ಲಿ ಮಾರಾಟಕ್ಕೆ ಬಂದ ಸ್ಕೋಡಾ ಕೋಡಿಯಾಕ್‌ನಂಥ ಗಾಡಿಗಳಲ್ಲಿ ಇತ್ತು. ಜರ್ಮನಿಯ ದುಬಾರಿ ಗಾಡಿಗಳಲ್ಲಿ ಬಹಳ ಹಿಂದಿನಿಂದ ಇದೆ.

ಅನುಮಾನವಿದ್ದರೆ ಗಾಡಿಯನ್ನು ಲಿಫ್ಟಿಗೆ ಏರಿಸಿದಾಗ ಚಕ್ರದ ಒಳಭಾಗಕ್ಕೆ ಟಾರ್ಚ್ ಬಿಟ್ಟು ನೋಡಿ. ಶಾಕ್ ಅಬ್ಸಾರ್ಬರಿನ ಮೈಗೋ ತಲೆಗೋ ಒಂದು ವೈರ್ ಹೋಗಿ ಸೇರಿರಬೇಕು. ಎಬಿಎಸ್‌ ಸೆನ್ಸರಿನ ವೈರ್ ಚಕ್ರದ ಗುಂಬದ ಕಡೆ ಹೋಗುತ್ತದೆ. ಅದನ್ನು ಇದೆಂದು ತಿಳಿಯಬಾರದು.

ಕಂಫರ್ಟ್ ಅಂದ್ರೆ ಮೆತ್ತಗೆ, ಸ್ಪೋರ್ಟ್ ಅಂದ್ರೆ ಗಟ್ಟಿ. ಇಷ್ಟೇ ತಾನೇ?

ಮೊದಮೊದಲು ಅಷ್ಟೇ ಇತ್ತು. 1983ರಲ್ಲಿ ಟೊಯೊಟಾ ತನ್ನ ಸೋರರ್ ಗಾಡಿಯಲ್ಲಿ ಎಲೆಕ್ಟ್ರಾನಿಕ್ ಶಾಕ್ ಅಬ್ಸಾರ್ಬರ್ ಕೊಟ್ಟಾಗ ಬೆರಳೆಣಿಕೆಯ ಹಂತಗಳ ನಡುವೆ ಬದಲಾಯಿಸುವುದೇ ಅದರ ಕೆಲಸವಾಗಿತ್ತು. ಈಗಿನ ವ್ಯವಸ್ಥೆಯಲ್ಲಿ ಪ್ರತಿ ಮೋಡ್‌ಗೂ ಒಂದು ವ್ಯಾಪ್ತಿಯಿದೆ, ಆ ವ್ಯಾಪ್ತಿಯೊಳಗೆ ಕಂಪ್ಯೂಟರ್ ಕ್ಷಣಕ್ಷಣಕ್ಕೂ ನಾಲ್ಕು ಚಕ್ರಗಳನ್ನು ಬೇರೆ ಬೇರೆಯಾಗಿ ನಿರ್ವಹಿಸುತ್ತದೆ. ಕಂಫರ್ಟ್‌ನಲ್ಲಿದ್ದರೂ ನೀವು ಜೋರಾಗಿ ಬ್ರೇಕ್ ಒತ್ತಿದಾಗ ಮುಂದಿನ ಶಾಕ್ ಅಬ್ಸಾರ್ಬರ್‌ಗಳು ಬಿಗಿಯಾಗುತ್ತವೆ. ಸ್ಟೀರಿಂಗ್ ಎಷ್ಟು ತಿರುಗಿತು, ಬ್ರೇಕ್ ಎಷ್ಟು ಒತ್ತಿತು, ಚಕ್ರ ಎಷ್ಟು ಮೇಲೆದ್ದಿತು, ಗಾಡಿಯ ಮೈ ಎಷ್ಟು ಅಲ್ಲಾಡಿತು ಎಂಬ ಸೆನ್ಸರುಗಳ ಮಾಹಿತಿ ಇದಕ್ಕೆ ಆಧಾರ.

ಇದರ ಹಿಂದಿನ ಲೆಕ್ಕಾಚಾರದ ಬೇರು 1974ರಷ್ಟು ಹಳೆಯದು. ಎಂಜಿನಿಯರ್ ಡೀನ್ ಕಾರ್ನಪ್ ಮತ್ತು ಜೊತೆಗಾರರು ಆಗ ಮುಂದಿಟ್ಟ ಸ್ಕೈಹುಕ್ ಎಂಬ ಕಲ್ಪನೆಯ ತಿರುಳು ಹೀಗಿದೆ: ಗಾಡಿಯ ಮೈಯನ್ನು ಆಕಾಶದಲ್ಲಿರುವ ಒಂದು ಕೊಕ್ಕೆಗೆ ಕಟ್ಟಿದ್ದರೆ ಅದು ಹೇಗೆ ಅಲ್ಲಾಡದೆ ಸಾಗುತ್ತಿತ್ತೋ, ಅದಕ್ಕೆ ಆದಷ್ಟು ಹತ್ತಿರವಾಗುವಂತೆ ಶಾಕ್ ಅಬ್ಸಾರ್ಬರನ್ನು ಬಿಗಿಮಾಡುತ್ತಾ ಸಡಿಲಿಸುತ್ತಾ ಹೋಗುವುದು. ಬರೀ ಎಣ್ಣೆಯ ಕೊಳವೆಯಿಂದ ಆಕಾಶಕ್ಕೆ ಕಟ್ಟಿದ ಹಗ್ಗದ ಕೆಲಸ ತೆಗೆಯುವ ಈ ಯೋಚನೆಯನ್ನು ಮೊದಲ ಸಲ ಓದಿದಾಗ ನನಗಾದ ಬೆರಗು ಇನ್ನೂ ಇಳಿದಿಲ್ಲ.

ಏರ್ ಸಸ್ಪೆನ್ಷನ್ ಬೇರೆ, ಇದು ಬೇರೆಯಾ?

ಬೇರೆ. ಏರ್ ಸಸ್ಪೆನ್ಷನ್ನಿನಲ್ಲಿ ಉಕ್ಕಿನ ಸ್ಪ್ರಿಂಗಿನ ಜಾಗದಲ್ಲಿ ಗಾಳಿ ತುಂಬಿದ ರಬ್ಬರ್ ಚೀಲವಿರುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಬೆಲೋ ಎನ್ನುತ್ತಾರೆ. ಗಾಳಿ ತುಂಬಿದರೆ ಗಾಡಿ ಏಳುತ್ತದೆ, ಬಿಟ್ಟರೆ ಕೂರುತ್ತದೆ. ಅದರ ಜೊತೆಗೆ ಎಲೆಕ್ಟ್ರಾನಿಕ್ ಶಾಕ್ ಅಬ್ಸಾರ್ಬರ್ ಕೂಡ ಇರುವುದೇ ಹೆಚ್ಚು. ಚಾಲಕ ಕೂತಲ್ಲಿಂದಲೇ ಗಾಡಿಯ ಎತ್ತರ ಬದಲಾಯಿಸುವುದು ಹೊಸ ವಿಚಾರವಲ್ಲ. 1955ರ ಸಿಟ್ರೊಯೆನ್ ಡಿಎಸ್ ಗಾಡಿ ಎಣ್ಣೆ ಮತ್ತು ಅನಿಲದ ಒತ್ತಡದಿಂದ ಅದನ್ನು ಮಾಡಿ ತೋರಿಸಿತ್ತು.

## ನಮ್ಮ ರಸ್ತೆಗಳಲ್ಲಿ

ಆಗುಂಬೆ ಘಾಟಿ ಇಳಿಯುವಾಗ ಸ್ಪೋರ್ಟ್ ಹಾಕಿದರೆ ಹಿಡಿತ ಜಾಸ್ತಿ ಸಿಗುತ್ತಲ್ವಾ?

ನನ್ನನ್ನು ಅತಿ ಹೆಚ್ಚು ಜನ ಕೇಳಿದ ಪ್ರಶ್ನೆ ಇದು, ಅತಿ ಹೆಚ್ಚು ತಪ್ಪು ನಂಬಿಕೆಯಿರುವುದೂ ಇದರಲ್ಲೇ. ಆದ್ದರಿಂದ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಹಿಡಿತ ಕೊಡುವುದು ಟೈರ್. ಟೈರ್ ರಸ್ತೆಯನ್ನು ಒಂದೇ ಸಮನಾಗಿ ಒತ್ತಿಕೊಂಡಿದ್ದರೆ ಹಿಡಿತ ಇರುತ್ತದೆ, ಪುಟಿಯುತ್ತಿದ್ದರೆ ಇರುವುದಿಲ್ಲ. ನುಣುಪಾದ ರಸ್ತೆಯಲ್ಲಿ ವೇಗವಾಗಿ ಲೇನ್ ಬದಲಾಯಿಸುವಾಗ ಬಿಗಿಯಾದ ಶಾಕ್ ಅಬ್ಸಾರ್ಬರ್ ಗಾಡಿಯ ಮೈಯನ್ನು ಹತೋಟಿಯಲ್ಲಿಟ್ಟು ಟೈರಿಗೆ ಸಹಾಯ ಮಾಡುತ್ತದೆ. ಆದರೆ ಘಾಟಿಯ ಹೇರ್‌ಪಿನ್ ತಿರುವು ಹಾಗಲ್ಲ. ಅಲ್ಲಿ ಟಾರ್ ಎದ್ದು ಜಲ್ಲಿ ಕಾಣುವ ಒಳಅಂಚಿರುತ್ತದೆ, ತೇಪೆ ಹಾಕಿದ ಉಬ್ಬುಗಳಿರುತ್ತವೆ, ಧರೆಯಿಂದ ಇಳಿದ ನೀರು ರಸ್ತೆಗೆ ಅಡ್ಡಲಾಗಿ ಹರಿದು ಕೊರೆದ ಗೆರೆಗಳಿರುತ್ತವೆ. ಚಕ್ರ ತನ್ನಷ್ಟಕ್ಕೆ ಸೆಕೆಂಡಿಗೆ ಸುಮಾರು 10ರಿಂದ 15 ಬಾರಿ ಕಂಪಿಸುವ ಸ್ವಭಾವದ್ದು, ಗಾಡಿಯ ಮೈ ಸುಮಾರು ಒಂದೂಕಾಲು ಬಾರಿ. ಒರಟು ರಸ್ತೆಯಲ್ಲಿ ಶಾಕ್ ಅಬ್ಸಾರ್ಬರ್ ವಿಪರೀತ ಬಿಗಿಯಾಗಿದ್ದರೆ ಚಕ್ರ ಗುಂಡಿಯನ್ನು ಹಿಂಬಾಲಿಸಿ ಬೇಗ ಇಳಿಯಲಾರದು. ಇಳಿಯುವ ಮೊದಲೇ ಮುಂದಿನ ಉಬ್ಬು ಬಂದಿರುತ್ತದೆ. ನೀವು ಸ್ಟೀರಿಂಗ್ ತಿರುಗಿಸಿ ಹಿಡಿದಿರುವಾಗಲೇ ಹೊರಗಿನ ಚಕ್ರ ಅರೆಕ್ಷಣ ಹಗುರವಾಗುತ್ತದೆ, ಗಾಡಿ ಅಡ್ಡಕ್ಕೆ ಒಂದು ಅಂಗೈಯಷ್ಟು ಜಾರುತ್ತದೆ.

ಇನ್ನೊಂದು ವಿಷಯವನ್ನು ಗ್ಯಾರೇಜಿನವರೂ ತಪ್ಪಾಗಿ ಹೇಳುತ್ತಾರೆ. ಸ್ಪೋರ್ಟ್ ಮೋಡ್ ಹಾಕಿದರೆ ತಿರುವಿನಲ್ಲಿ ಗಾಡಿ ವಾಲುವುದಿಲ್ಲ ಎಂಬ ಮಾತು ಅರ್ಧ ಮಾತ್ರ ನಿಜ. ಶಾಕ್ ಅಬ್ಸಾರ್ಬರ್ ಕೆಲಸ ಮಾಡುವುದು ಚಲನೆಯಿರುವಾಗ. ತಿರುವಿಗೆ ಒಳಹೊಗುವಾಗ ವಾಲುವ ವೇಗವನ್ನು ಅದು ತಗ್ಗಿಸುತ್ತದೆ, ಆದ್ದರಿಂದ ಗಾಡಿ ಚುರುಕಾಗಿದೆ ಎನಿಸುತ್ತದೆ. ಆದರೆ ಉದ್ದನೆಯ ತಿರುವಿನಲ್ಲಿ ಕೊನೆಗೆ ಗಾಡಿ ಎಷ್ಟು ವಾಲಿ ನಿಲ್ಲಬೇಕು ಎಂಬುದನ್ನು ತೀರ್ಮಾನಿಸುವುದು ಸ್ಪ್ರಿಂಗ್ ಮತ್ತು ಎಡಬಲ ಚಕ್ರಗಳನ್ನು ಜೋಡಿಸಿ ವಾಲುವುದನ್ನು ತಡೆಯುವ ಕಂಬಿ, ಅಂದರೆ ಆ್ಯಂಟಿ ರೋಲ್ ಬಾರ್. ಹೆಚ್ಚಿನ ಗಾಡಿಗಳಲ್ಲಿ ಅವೆರಡೂ ಬಟನ್ನಿಗೆ ಜಗ್ಗುವಂಥವಲ್ಲ.

ಹಾಗಾದರೆ ಸ್ಪೋರ್ಟ್ ಹಾಕಿ ಘಟ್ಟ ಇಳಿದವರಿಗೆ ಹಿಡಿತ ಹೆಚ್ಚಾದಂತೆ ಅನಿಸುವುದು ಸುಳ್ಳೇ? ಸುಳ್ಳಲ್ಲ, ಆದರೆ ಕಾರಣ ಬೇರೆ. ಆಟೋಮ್ಯಾಟಿಕ್ ಗಾಡಿಯಲ್ಲಿ ಸ್ಪೋರ್ಟ್ ಮೋಡ್ ಗೇರನ್ನೂ ಕೆಳಗೆ ಹಿಡಿದಿಡುತ್ತದೆ, ಎಂಜಿನ್ ಬ್ರೇಕಿಂಗ್ ಸಿಗುತ್ತದೆ, ಬ್ರೇಕ್ ಕಾಯುವುದು ತಪ್ಪುತ್ತದೆ. ಆ ಲಾಭ ಗೇರ್‌ಬಾಕ್ಸಿನದು. ಅದನ್ನು ಮ್ಯಾನ್ಯುವಲ್ ಗೇರ್ ಆಯ್ಕೆಯಿಂದಲೂ ಪಡೆಯಬಹುದು, ಸಸ್ಪೆನ್ಷನ್ನನ್ನು ನಾರ್ಮಲ್‌ನಲ್ಲೇ ಬಿಡಬಹುದು. ಆಗುಂಬೆಯಿಂದ ಸೋಮೇಶ್ವರದವರೆಗೆ ನಾನು ಇಳಿಯುವುದು ಹೀಗೆಯೇ: ಎರಡನೇ ಗೇರ್, ಸಸ್ಪೆನ್ಷನ್ ನಾರ್ಮಲ್.

ಮಳೆಗಾಲಕ್ಕೆ ಯಾವ ಮೋಡ್ ಒಳ್ಳೆಯದು?

ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತ ಇದು ತಿಂಗಳುಗಟ್ಟಲೆ ಎದುರಾಗುವ ಪ್ರಶ್ನೆ. ವೆಟ್ ಅಥವಾ ಸ್ನೋ ಎಂಬ ಮೋಡ್ ಇದ್ದರೆ ಅದನ್ನೇ ಬಳಸಿ. ಅದು ಆಕ್ಸಿಲರೇಟರಿನ ಸ್ಪಂದನೆಯನ್ನು ತಗ್ಗಿಸಿ, ಚಕ್ರ ಸ್ಲಿಪ್ ಆಗದಂತೆ ನೋಡಿಕೊಳ್ಳುವುದರಲ್ಲಿ ಹೆಚ್ಚು ಎಚ್ಚರ ವಹಿಸುತ್ತದೆ. ಇಲ್ಲದಿದ್ದರೆ ಕಂಫರ್ಟ್ ಅಥವಾ ನಾರ್ಮಲ್. ಒದ್ದೆ ರಸ್ತೆಯಲ್ಲಿ ಟೈರಿಗೆ ಇರುವ ಹಿಡಿತವೇ ಕಡಿಮೆ, ಅದನ್ನು ಪುಟಿತದಲ್ಲಿ ಕಳೆದುಕೊಳ್ಳಬಾರದು. ಸವೆದ ಟೈರಿಗೆ ಮಾತ್ರ ಯಾವ ಮೋಡೂ ಮದ್ದಲ್ಲ. ಜೂನ್ ಬರುವ ಮೊದಲು ಟೈರಿನ ಗೆರೆಯ ಆಳ ನೋಡಿಸುವುದು ಈ ಎಲ್ಲ ಬಟನ್‌ಗಳಿಗಿಂತ ದೊಡ್ಡ ಕೆಲಸ.

ಹಿಂದೆ ಕೂತ ಅಮ್ಮನಿಗೆ ಘಾಟಿಯಲ್ಲಿ ವಾಂತಿ ಬರುತ್ತೆ. ಕಂಫರ್ಟ್ ಹಾಕಿದರೂ ಕಡಿಮೆ ಆಗಲಿಲ್ಲ, ಯಾಕೆ?

ನಮ್ಮಮ್ಮನದೂ ಇದೇ ಕಷ್ಟ. ಹೊಸನಗರದಿಂದ ಹುಲಿಕಲ್ ಘಾಟಿ ಇಳಿದು ಕುಂದಾಪುರಕ್ಕೆ ಹೋಗುವಾಗ ಅವರು ಸೆರಗಿನ ತುದಿಯಲ್ಲಿ ಒಂದು ನಿಂಬೆಹಣ್ಣು ಹಿಡಿದು ಕೂರುತ್ತಾರೆ, ಹೊಟ್ಟೆ ತೊಳಸಿದಾಗಲೆಲ್ಲ ಅದರ ಸಿಪ್ಪೆಗೆ ಉಗುರೊತ್ತಿ ಮೂಸುತ್ತಾರೆ. ಒಂದು ಸಲ ಘಟ್ಟವನ್ನು ಕಂಫರ್ಟ್‌ನಲ್ಲೂ, ಮರಳಿ ಬರುವ ದಿನ ನಾರ್ಮಲ್‌ನಲ್ಲೂ ಓಡಿಸಿದೆ. ಹೋಗುವಾಗಿನ ಹಣ್ಣಿನ ಮೈ ತುಂಬ ಉಗುರಿನ ಅರ್ಧಚಂದ್ರಗಳಿದ್ದವು. ಬರುವಾಗಿನದರಲ್ಲಿ ನಾಲ್ಕೋ ಐದೋ. ಹತ್ತುವ ದಾರಿಗೂ ಇಳಿಯುವ ದಾರಿಗೂ ವ್ಯತ್ಯಾಸವಿದೆ, ಇದನ್ನು ಪ್ರಯೋಗವೆನ್ನಲು ಬರುವುದಿಲ್ಲ. ಆದರೂ ಅಂದಿನಿಂದ ನಾನು ಅವರನ್ನು ಕರೆದೊಯ್ಯುವಾಗ ಕಂಫರ್ಟ್ ಹಾಕುವುದನ್ನು ಬಿಟ್ಟೆ.

ಕಾರಣ ಹೀಗಿದೆ. ಮನುಷ್ಯನಿಗೆ ಹೊಟ್ಟೆ ತೊಳಸುವುದು ಗಡಗಡ ನಡುಗುವುದರಿಂದಲ್ಲ, ನಿಧಾನವಾದ ತೂಗಾಟದಿಂದ. ಸುಮಾರು ಐದು ಸೆಕೆಂಡಿಗೊಮ್ಮೆ ಬರುವ ತೂಗಾಟ ಅತಿ ಹೆಚ್ಚು ತೊಂದರೆ ಕೊಡುತ್ತದೆಂದು ಈ ವಿಷಯದ ಅಧ್ಯಯನಗಳು ಕಂಡುಕೊಂಡಿವೆ. ದೋಣಿಯಲ್ಲಿ ಆಗುವುದು ಅದೇ. ಎಡಕ್ಕೊಂದು ಬಲಕ್ಕೊಂದು ತಿರುವು, ನಡುವೆ ಬ್ರೇಕ್, ಮತ್ತೆ ಆಕ್ಸಿಲರೇಟರ್ ಎಂಬ ಘಾಟಿಯ ಲಯವೂ ಆ ಸುಮಾರಿಗೇ ಬಂದು ನಿಲ್ಲುತ್ತದೆ. ಕಂಫರ್ಟ್ ಮೋಡ್ ಸಣ್ಣ ಕುಲುಕಾಟವನ್ನು ನುಂಗುತ್ತದೆ, ಆದರೆ ಗಾಡಿಯ ಮೈಗೆ ತೇಲಾಡಲು ಹೆಚ್ಚು ಸಡಿಲ ಕೊಡುತ್ತದೆ. ನಾರ್ಮಲ್‌ನಲ್ಲಿ ತೇಲಾಟ ಕಡಿಮೆ. ಇದಕ್ಕಿಂತಲೂ ಹೆಚ್ಚು ಕೆಲಸ ಮಾಡುವುದು ಚಾಲಕನ ಕಾಲು: ತಿರುವಿಗೆ ಮೊದಲೇ ನಿಧಾನವಾಗಿ ವೇಗ ಇಳಿಸಿ, ತಿರುವು ಪೂರ್ತಿ ಮುಗಿದ ಮೇಲೆ ಮೆಲ್ಲಗೆ ಏರಿಸುವುದು. ಸಾಧ್ಯವಾದರೆ ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ದಾರಿ ಕಣ್ಣಿಗೆ ಕಾಣಲಿ.

ಗಾಡಿಯನ್ನು ಎತ್ತರಿಸುವ ಮೋಡ್ ಇದೆ. ತೋಟದ ಮಣ್ಣು ರಸ್ತೆಗೆ ಯಾವಾಗಲೂ ಅದನ್ನೇ ಇಟ್ಟುಕೊಳ್ಳಬಹುದಾ?

ಬೇಕಾದಷ್ಟು ದೂರ ಮಾತ್ರ ಇಟ್ಟುಕೊಳ್ಳಿ. ಏರ್ ಸಸ್ಪೆನ್ಷನ್ ಇರುವ ಲ್ಯಾಂಡ್ ರೋವರ್ ಡಿಫೆಂಡರ್ ಸಾಮಾನ್ಯ ಎತ್ತರದಿಂದ 75 ಮಿಲಿಮೀಟರ್ ಏಳುತ್ತದೆ. ಆಗ ನೆಲದಿಂದ ಅದರ ಹೊಟ್ಟೆಗೆ 291 ಮಿಲಿಮೀಟರ್ ಅಂತರ. ಜಂಬಿಟ್ಟಿಗೆ ಕಲ್ಲು ಎದ್ದ ಏರಿನಲ್ಲಿ, ಜೀಪಿನ ಚಕ್ರ ಕೊರೆದ ಹಳ್ಳದ ನಡುವಿನ ದಿಬ್ಬದ ಮೇಲೆ ಈ ಎತ್ತರ ಎಂಜಿನ್ನಿನ ಕೆಳಭಾಗವನ್ನು ಉಳಿಸುತ್ತದೆ. ಆದರೆ ಎತ್ತರಿಸಿದ ಗಾಡಿಯಲ್ಲಿ ಚಕ್ರ ಆಗಲೇ ಕೆಳಗೆ ಚಾಚಿರುತ್ತದೆ, ಗುಂಡಿಗೆ ಇಳಿಯಲು ಅದಕ್ಕೆ ಉಳಿದ ಜಾಗ ಕಡಿಮೆ. ಆದ್ದರಿಂದಲೇ ಎತ್ತರಿಸಿದಾಗ ಗಾಡಿ ಒರಟಾಗಿ ಬಡಿಯುತ್ತದೆ. ಗುರುತ್ವ ಕೇಂದ್ರವೂ ಏರಿ ವಾಲುವುದು ಹೆಚ್ಚುತ್ತದೆ. ನಿಗದಿತ ವೇಗ ದಾಟಿದರೆ ಹೆಚ್ಚಿನ ಗಾಡಿಗಳು ತಾವಾಗಿ ಇಳಿದುಬಿಡುತ್ತವೆ. ಆ ವೇಗ ಎಷ್ಟೆಂಬುದು ಗಾಡಿಯ ಪುಸ್ತಕದಲ್ಲಿರುತ್ತದೆ.

ಹಳ್ಳ ದಾಟುವವರಿಗೆ ಇನ್ನೊಂದು ಮಾತು. ಡಿಫೆಂಡರ್ 900 ಮಿಲಿಮೀಟರ್ ಆಳದ ನೀರಿನಲ್ಲಿ ಹೋಗಬಲ್ಲದೆಂದು ಕಂಪನಿ ಹೇಳುವುದು ನಿಜ, ಆದರೆ ಆ ಲೆಕ್ಕದಲ್ಲಿ ಜುಲೈ ತಿಂಗಳ ಸೆಳೆತ ಸೇರಿಲ್ಲ. ಕೆಂಪು ನೀರು ಓಡುತ್ತಿರುವ ಹಳ್ಳಕ್ಕೆ ಯಾವ ಮೋಡ್ ಹಾಕಿಯೂ ಇಳಿಯಬೇಡಿ.

ಡಿಕ್ಕಿ ತುಂಬ ಅಡಿಕೆ ಚೀಲ ಹಾಕಿದಾಗ ಹಿಂಭಾಗ ಕೂರುತ್ತೆ. ಸ್ಪೋರ್ಟ್ ಹಾಕಿದರೆ ಏಳುತ್ತಾ?

ಏಳುವುದಿಲ್ಲ. ಭಾರ ಹೊರುವುದು ಸ್ಪ್ರಿಂಗ್, ಮೋಡ್ ಬದಲಾಯಿಸುವುದು ಶಾಕ್ ಅಬ್ಸಾರ್ಬರನ್ನು ಮಾತ್ರ. ಏರ್ ಸಸ್ಪೆನ್ಷನ್ ಇದ್ದರೆ ಕಂಪ್ರೆಸರ್ ಗಾಳಿ ತುಂಬಿ ಹಿಂಭಾಗವನ್ನು ಸಮಕ್ಕೆ ತರುತ್ತದೆ, ಆದರೆ ಕಣ್ಣಿಗೆ ಸಮವಾಗಿ ಕಂಡ ಮಾತ್ರಕ್ಕೆ ಭಾರ ಮಿತಿಯೊಳಗಿದೆ ಎಂದರ್ಥವಲ್ಲ. ಆಕ್ಸಲ್, ಟೈರ್, ಬ್ರೇಕುಗಳು ಹೊರುವ ಮಿತಿ ಹಾಗೆಯೇ ಇರುತ್ತದೆ. ಭಾರ ಹೇರಿದ ದಿನ ನಾರ್ಮಲ್ ಅಥವಾ ಒಂದು ಹಂತ ಬಿಗಿಯಾದ ಮೋಡ್ ಒಳ್ಳೆಯದು, ಏಕೆಂದರೆ ಹೆಚ್ಚಿದ ತೂಕ ಉಬ್ಬಿನ ಮೇಲೆ ಎದ್ದು ಬೀಳುವಾಗ ಅದನ್ನು ತಡೆಹಿಡಿಯಲು ಬಿಗಿ ಬೇಕು. ಟೈರಿಗೆ ಪೂರ್ತಿ ಲೋಡಿನ ಗಾಳಿ ಎಷ್ಟೆಂದು ಚಾಲಕನ ಬಾಗಿಲ ಬಳಿಯ ಸ್ಟಿಕ್ಕರಿನಲ್ಲಿ ನೋಡಿ ತುಂಬಿಸಿ.

ಹಂಪ್ ಬಂದಾಗಲೆಲ್ಲ ಕಂಫರ್ಟಿಗೆ ತರಬೇಕಾ?

ಬೇಡ. ಹಂಪಿನ ಮುಂದೆ ಬೇಕಾಗಿರುವುದು ಬ್ರೇಕ್, ಕಣ್ಣು ಇರಬೇಕಾದ್ದು ರಸ್ತೆಯ ಮೇಲೆ.

ತುಮಕೂರು ಕಡೆಯ ದೊಡ್ಡ ರಸ್ತೆಯಲ್ಲಿ ಹೋಗುವಾಗ?

ನುಣುಪಾದ, ನೇರವಾದ, ವೇಗದ ರಸ್ತೆಯಲ್ಲಿ ಬಿಗಿಯಾದ ಮೋಡ್ ತನ್ನ ಬೆಲೆ ತೋರಿಸುತ್ತದೆ. ಸೇತುವೆಯ ಜೋಡಣೆ ದಾಟಿದ ಮೇಲೆ ಗಾಡಿ ಒಂದೇ ಸಲಕ್ಕೆ ನೆಲೆ ನಿಲ್ಲುತ್ತದೆ, ಲಾರಿಯನ್ನು ದಾಟಿ ಮತ್ತೆ ಲೇನಿಗೆ ಬರುವಾಗ ತೂಗಾಡುವುದಿಲ್ಲ. ಊರೊಳಗಿನ ಸರ್ವಿಸ್ ರಸ್ತೆಗೆ ಇಳಿದ ಕೂಡಲೇ ನಾರ್ಮಲಿಗೆ ತನ್ನಿ.

## ನಿಮಗೆ ತಕ್ಕಂತೆ ಹೊಂದಿಸಿಕೊಳ್ಳುವುದು

ಇಂಡಿವಿಜುವಲ್ ಅಂತ ಒಂದಿದೆ. ಅದರಲ್ಲಿ ಏನೇನು ಇಡಬೇಕು ಅಂತ ಯಾರೂ ಹೇಳಿಕೊಡಲಿಲ್ಲ.

ಮಲೆನಾಡಿನಲ್ಲಿ ಇರುವವರಿಗೆ ಎಲ್ಲಕ್ಕಿಂತ ಉಪಯುಕ್ತವಾದ ಮೋಡ್ ಇದೇ. ಇದರಲ್ಲಿ ಒಂದೊಂದನ್ನೂ ಬೇರೆ ಬೇರೆಯಾಗಿ ಆರಿಸಿಕೊಳ್ಳಬಹುದು. ಉಳಿದ ಮೋಡ್‌ಗಳು ಎಂಜಿನ್, ಗೇರ್, ಸ್ಟೀರಿಂಗ್, ಸಸ್ಪೆನ್ಷನ್ ನಾಲ್ಕನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿ ಕೊಡುತ್ತವೆ. ಆ ಕಟ್ಟನ್ನು ಮಾಡಿದವರ ಕಣ್ಣ ಮುಂದೆ ಇದ್ದದ್ದು ನುಣುಪಾದ ರಸ್ತೆ. ಅಲ್ಲಿ ಚುರುಕಾಗಿ ಓಡಿಸಬೇಕೆಂದರೆ ಎಂಜಿನ್ನೂ ಚುರುಕು, ಸಸ್ಪೆನ್ಷನ್ನೂ ಬಿಗಿ ಇರಬೇಕೆನ್ನುವುದು ಸರಿ. ನಮ್ಮಲ್ಲಿ ಏರು ಹತ್ತಲು ಎಂಜಿನ್ ಚುರುಕಾಗಿರಬೇಕು, ಅದೇ ಏರಿನ ರಸ್ತೆ ಮಾತ್ರ ಕಿತ್ತುಹೋಗಿರುತ್ತದೆ. ಆದ್ದರಿಂದ ನಾನು ಇಡುವುದು: ಎಂಜಿನ್ ಮತ್ತು ಗೇರ್ ಸ್ಪೋರ್ಟ್, ಸ್ಟೀರಿಂಗ್ ಹಗುರ, ಸಸ್ಪೆನ್ಷನ್ ನಾರ್ಮಲ್. ತೀರ್ಥಹಳ್ಳಿಯಿಂದ ಕೊಪ್ಪ, ಶೃಂಗೇರಿ ಕಡೆಗೆ ಎಲ್ಲ ಕಾಲದಲ್ಲೂ ಇದೇ ಇರುತ್ತದೆ.

ಸಸ್ಪೆನ್ಷನ್ನನ್ನು ಪೂರ್ತಿ ಮೆತ್ತಗೆ ಏಕೆ ಇಡಬಾರದು ಎಂದು ಕೇಳುವವರಿದ್ದಾರೆ. ಕಿತ್ತುಹೋದ ನೇರ ರಸ್ತೆಗೆ ಇಡಬಹುದು. ಆದರೆ ಒಂದರ ಹಿಂದೊಂದು ಅಲೆಯಂತೆ ಬರುವ ದಿಬ್ಬಗಳಿರುವಲ್ಲಿ ತೀರಾ ಮೆತ್ತಗಿನ ಗಾಡಿ ಮೂರನೆಯ ಅಲೆಗೆ ಬಂದು ತಳ ಮುಟ್ಟುತ್ತದೆ. ಒಳಗಿನ ರಬ್ಬರ್ ಸ್ಟಾಪರಿಗೆ ಧಡ್ ಎಂದು ಹೊಡೆಯುವ ಸದ್ದು ಕೇಳಿದರೆ ಒಂದು ಹಂತ ಬಿಗಿ ಮಾಡಬೇಕೆಂದು ತಿಳಿಯಿರಿ.

ಓಡುತ್ತಿರುವಾಗಲೇ ಬದಲಾಯಿಸಿದರೆ ಏನಾದರೂ ಹಾಳಾಗುತ್ತಾ?

ಶಾಕ್ ಅಬ್ಸಾರ್ಬರಿಗೆ ಏನೂ ಆಗುವುದಿಲ್ಲ, ಅದು ಓಡುವಾಗಲೇ ಬದಲಾಗುತ್ತಿರುತ್ತದೆ. ಆದರೆ ತಿರುವಿನ ನಡುವೆ ಬೇಡ, ಏಕೆಂದರೆ ಮೋಡಿನ ಜೊತೆಗೆ ಗೇರ್ ಇಳಿದು ಗಾಡಿ ಒಮ್ಮೆಗೇ ಎಳೆಯಬಹುದು.

ಆಫ್ ಮಾಡಿ ಆನ್ ಮಾಡಿದರೆ ನಾನು ಇಟ್ಟಿದ್ದ ಮೋಡ್ ಮರೆತುಹೋಗುತ್ತೆ. ಇದು ರಿಪೇರಿಯಾ?

ಅಲ್ಲ. ಅನೇಕ ಗಾಡಿಗಳು ಪ್ರತಿ ಸಲವೂ ನಾರ್ಮಲ್‌ನಲ್ಲೇ ಶುರುವಾಗುವಂತೆ ಮಾಡಲಾಗಿದೆ.

ಅಂದಕ್ಕೆ ಅಂತ ದೊಡ್ಡ ಅಲಾಯ್ ಹಾಕಿಸಿದೆ. ಆಮೇಲೆ ಕಂಫರ್ಟೂ ಸ್ಪೋರ್ಟೂ ಒಂದೇ ಥರ ಅನಿಸ್ತಿದೆ.

ಗಾಡಿಯ ಮೊದಲ ಸ್ಪ್ರಿಂಗ್ ಟೈರಿನೊಳಗಿನ ಗಾಳಿಯೇ. ರಿಮ್ ದೊಡ್ಡದಾದಷ್ಟೂ ಟೈರಿನ ಪಕ್ಕದ ಗೋಡೆ ಗಿಡ್ಡವಾಗುತ್ತದೆ, ಚೂಪಾದ ಗುಂಡಿಯ ಪೆಟ್ಟು ಶಾಕ್ ಅಬ್ಸಾರ್ಬರಿಗೆ ಯೋಚಿಸಲು ಸಮಯ ಕೊಡದೆ ನೇರವಾಗಿ ಮೈಗೆ ಬರುತ್ತದೆ. ಗಾಳಿ ಹೆಚ್ಚು ತುಂಬಿಸಿದರೂ ಇದೇ ಕತೆ. ಕಂಪನಿಯ ಅಳತೆಯ ರಿಮ್ಮಿಗೆ ಮರಳಿದ ಕೂಡಲೇ ಮೋಡ್‌ಗಳು ಮತ್ತೆ ಬದುಕಿದ್ದನ್ನು ನಾನು ಎರಡು ಗಾಡಿಗಳಲ್ಲಿ ಕಂಡಿದ್ದೇನೆ.

## ತೊಂದರೆ ಬಂದಾಗ

ಸಸ್ಪೆನ್ಷನ್ ಅಂತ ಹಳದಿ ದೀಪ ಬಂದಿದೆ. ಮೋಡ್ ಬದಲಾಗ್ತಿಲ್ಲ. ಮನೆವರೆಗೆ ಓಡಿಸಬಹುದಾ?

ಎಲೆಕ್ಟ್ರಾನಿಕ್ ಶಾಕ್ ಅಬ್ಸಾರ್ಬರ್ ಮಾತ್ರ ಇರುವ ಗಾಡಿಯಾದರೆ, ಗಾಡಿ ಸಮವಾಗಿ ನಿಂತಿದ್ದರೆ, ನಿಧಾನವಾಗಿ ಓಡಿಸಬಹುದು. ವ್ಯವಸ್ಥೆ ಕೈಕೊಟ್ಟಾಗ ವಾಲ್ವ್ ಒಂದು ನಿಗದಿತ ಬಿಗಿಗೆ ಬಂದು ನಿಲ್ಲುವಂತೆ ಮಾಡಿರುತ್ತಾರೆ, ಅಂದರೆ ಅದು ಸಾಮಾನ್ಯ ಶಾಕ್ ಅಬ್ಸಾರ್ಬರಿನಂತೆ ಕೆಲಸ ಮಾಡುತ್ತದೆ. ದೀಪ ಕೆಂಪಾಗಿದ್ದರೆ ಅಥವಾ ಗಾಡಿ ಒಂದು ಕಡೆ ಕುಸಿದಿದ್ದರೆ ನಿಲ್ಲಿಸಿ, ಎತ್ತಿಸಿಕೊಂಡು ಹೋಗಿ.

ನಮ್ಮ ಕಡೆ ಈ ದೀಪಕ್ಕೆ ಕಾರಣ ಬಹಳ ಸಲ ಶಾಕ್ ಅಬ್ಸಾರ್ಬರೇ ಅಲ್ಲ. ಚಕ್ರದ ಎತ್ತರ ಅಳೆಯುವ ಸೆನ್ಸರಿಗೆ ಬೆರಳಿನಷ್ಟು ಗಾತ್ರದ ಒಂದು ಸಣ್ಣ ಕೊಂಡಿಯಿರುತ್ತದೆ. ಕಲ್ಲು ತಾಗಿ ಅದು ಕಳಚುತ್ತದೆ, ಕೆಸರು ಒಣಗಿ ಅಂಟಿ ಬಿಗಿಯುತ್ತದೆ. ಅಡಿಕೆ ಚಪ್ಪರದ ಕೆಳಗೋ ಸೌದೆ ಕೊಟ್ಟಿಗೆಯ ಪಕ್ಕವೋ ಗಾಡಿ ನಿಲ್ಲಿಸುವವರಿಗೆ ಇಲಿ ವೈರ್ ಕಡಿಯುವುದೂ ಹೊಸದಲ್ಲ. ಹೊಸ ಶಾಕ್ ಅಬ್ಸಾರ್ಬರ್ ಹಾಕಬೇಕೆಂದು ಯಾರಾದರೂ ಅಂದಾಜು ಪಟ್ಟಿ ಕೊಟ್ಟರೆ, ಕೊಂಡಿ ಮತ್ತು ವೈರ್ ಎರಡನ್ನೂ ನಿಮ್ಮ ಕಣ್ಣ ಮುಂದೆ ತೋರಿಸಿದ ಮೇಲೆಯೇ ಒಪ್ಪಿ.

ರಾತ್ರಿ ಸರಿಯಾಗಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಒಂದು ಮೂಲೆ ಕೂತಿತ್ತು. ಸ್ಟಾರ್ಟ್ ಮಾಡಿದರೆ ಎದ್ದಿತು. ಸುಮ್ಮನಿರಬಹುದಾ?

ಸುಮ್ಮನಿರಬೇಡಿ. ನಾನು ಸುಮ್ಮನಿದ್ದು ನಷ್ಟ ಮಾಡಿಕೊಂಡವನು. ಆಗಸ್ಟಿನ ಒಂದು ಬೆಳಿಗ್ಗೆ ಅಂಗಳದಲ್ಲಿ ನಿಂತಿದ್ದ ಗಾಡಿಯ ಮುಂದಿನ ಎಡಮೂಲೆ ಮೂರು ಬೆರಳು ಕೆಳಗಿತ್ತು, ಚಕ್ರದ ಮೇಲಿನ ಕಮಾನು ಟೈರಿಗೆ ತಾಗುವಂತಿತ್ತು. ಸ್ಟಾರ್ಟ್ ಮಾಡಿದ ಮೇಲೆ ಬುಸ್ ಎಂದು ಎದ್ದು ಸಮವಾಯಿತು. ತೋರಿಸಿದ ಕಡೆ ಚಳಿಗೆ ಹಾಗಾಗುತ್ತದೆ ಎಂದರು, ನಾನೂ ನಂಬಿದೆ. ಬೆಲೋದ ಮಡಿಕೆಯಲ್ಲಿ ಕೂದಲೆಳೆಯ ಬಿರುಕಿತ್ತು. ಸೋರುವ ಗಾಳಿಯನ್ನು ತುಂಬಲು ಕಂಪ್ರೆಸರ್ ಎರಡು ತಿಂಗಳು ಬಿಡುವಿಲ್ಲದೆ ಓಡಿ ಸುಟ್ಟುಹೋಯಿತು. ಒಂದು ಬೆಲೋದ ಕೆಲಸ ಎರಡು ದೊಡ್ಡ ಬಿಲ್ಲುಗಳಾದವು.

ಪರೀಕ್ಷೆ ಸುಲಭ. ಗಾಡಿ ಎತ್ತರದಲ್ಲಿರುವಾಗ ಸೋಪಿನ ನೀರನ್ನು ಬೆಲೋದ ಮಡಿಕೆಗಳಿಗೂ ಗಾಳಿಯ ಪೈಪಿನ ಸಂದುಗಳಿಗೂ ಸಿಂಪಡಿಸಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ. ಕೈಯನ್ನಾಗಲಿ ತಲೆಯನ್ನಾಗಲಿ ಚಕ್ರದ ಕಮಾನಿನೊಳಗೆ ತೂರಿಸಬೇಡಿ, ಗಾಡಿ ಹೇಳದೆ ಕೂರಬಹುದು. ಕಂಪ್ರೆಸರ್ ಬದಲಾಯಿಸುವಾಗ ಅದರ ಜೊತೆಗಿನ, ಗಾಳಿಯ ತೇವ ಹೀರುವ ಡ್ರೈಯರನ್ನೂ ನೋಡಿಸಿ. ನಮ್ಮ ಮಳೆಗಾಲದ ಗಾಳಿ ಅದನ್ನು ಬೇಗ ದಣಿಸುತ್ತದೆ.

ಪಂಚರ್ ಆದಾಗ ಜಾಕ್ ಕೊಡುವುದಕ್ಕೂ ಏನೋ ಮೋಡ್ ಇದೆಯಂತೆ?

ಏರ್ ಸಸ್ಪೆನ್ಷನ್ ಇರುವ ಅನೇಕ ಗಾಡಿಗಳಲ್ಲಿ ಇದೆ, ಇದನ್ನು ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಹೇಳಿಕೊಡಿ. ಒಂದು ಮೂಲೆ ಎತ್ತಿದಾಗ ಗಾಡಿ ಆ ಮೂಲೆ ಎತ್ತರವಾಯಿತೆಂದು ತಿಳಿದು ಸಮ ಮಾಡಲು ಹೋಗಬಹುದು, ಜಾಕ್ ಮೇಲಿರುವ ಗಾಡಿ ಅಲುಗಬಹುದು. ಸ್ಕ್ರೀನಿನ ಸರ್ವಿಸ್ ಪುಟದಲ್ಲಿ ಜಾಕ್ ಅಥವಾ ಟೈರ್ ಚೇಂಜ್ ಎಂದಿರುವುದನ್ನು ಆನ್ ಮಾಡಿದ ಮೇಲೆಯೇ ಎತ್ತಬೇಕು. ಪಂಚರ್ ಅಂಗಡಿಯ ಹುಡುಗನಿಗೆ ಇದು ಗೊತ್ತಿರುವುದಿಲ್ಲ, ನೀವೇ ಮೊದಲು ಹೇಳಬೇಕು.

ವಾರಂಟಿ ಮುಗಿದಿದೆ. ಸಾಮಾನ್ಯ ಶಾಕ್ ಅಬ್ಸಾರ್ಬರ್ ಹಾಕಿಸಿ ಮುಗಿಸಿಬಿಡಲಾ?

ಖರ್ಚಿನ ಸಂಕಟ ನನಗೆ ಅರ್ಥವಾಗುತ್ತದೆ. ಅವಸರ ಮಾತ್ರ ಬೇಡ. ಸಾಮಾನ್ಯ ಶಾಕ್ ಅಬ್ಸಾರ್ಬರ್ ಹಾಕಿದರೆ ಕಂಪ್ಯೂಟರಿಗೆ ವಾಲ್ವ್ ಸಿಗದೆ ದೀಪ ಉರಿಯುತ್ತಲೇ ಇರುತ್ತದೆ. ಅದನ್ನು ಮರೆಸಲು, ವಾಲ್ವ್ ಇದೆಯೆಂದು ಕಂಪ್ಯೂಟರನ್ನು ನಂಬಿಸುವ ರೆಸಿಸ್ಟರ್ ಹಾಕಿದರೆ ಮುಂದೆ ನಿಜವಾದ ತೊಂದರೆ ಬಂದಾಗಲೂ ದೀಪ ಸುಮ್ಮನಿರುತ್ತದೆ. ಕಂಪನಿಯ ರಚನೆಯನ್ನು ಬದಲಾಯಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ವ್ಯಾಪ್ತಿಗೆ ಬರಬಹುದು, ಆದ್ದರಿಂದ ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ಮೊದಲೇ ಕೇಳುವುದು ಒಳ್ಳೆಯದು. ಸೋರುತ್ತಿರುವುದು ಒಂದೇ ಆದರೂ ಅದೇ ಆಕ್ಸಲಿನ ಎರಡನ್ನೂ ಜೋಡಿಯಾಗಿ, ಅದೇ ಬಗೆಯದನ್ನೇ ಹಾಕಿಸಿ.

## ಇನ್ನೂ ಒಳಗೆ ಹೋಗಬೇಕೆನ್ನುವವರಿಗೆ

ಶಾಕ್ ಅಬ್ಸಾರ್ಬರಿನಲ್ಲಿ ಅಯಸ್ಕಾಂತ ಇರುತ್ತೆ ಅಂತಾರೆ. ನಿಜವಾ?

ಒಂದು ಬಗೆಯಲ್ಲಿ ನಿಜ. ಅದರ ಎಣ್ಣೆಯಲ್ಲಿ ಕಬ್ಬಿಣದ ಅತಿ ಸೂಕ್ಷ್ಮ ಕಣಗಳು ಬೆರೆತಿರುತ್ತವೆ. ಪಿಸ್ಟನ್ನಿನಲ್ಲಿರುವ ಸುರುಳಿಗೆ ವಿದ್ಯುತ್ ಹರಿದಾಗ ಆ ಕಣಗಳು ಸಾಲುಗಟ್ಟಿ ಎಣ್ಣೆಯನ್ನು ಗಟ್ಟಿಯಾಗಿಸುತ್ತವೆ, ವಿದ್ಯುತ್ ನಿಂತರೆ ಮತ್ತೆ ತೆಳುವಾಗುತ್ತದೆ. ಇಲ್ಲಿ ಚಲಿಸುವ ವಾಲ್ವೇ ಇಲ್ಲ. ಸೆಕೆಂಡಿಗೆ 1,000 ಬಾರಿಯವರೆಗೂ ಹೊಂದಿಸಿಕೊಳ್ಳಬಲ್ಲ ಈ ವ್ಯವಸ್ಥೆ 2002ರ ಕ್ಯಾಡಿಲ್ಯಾಕ್ ಸೆವಿಲ್ ಎಸ್‌ಟಿಎಸ್ ಗಾಡಿಯಲ್ಲಿ ಮೊದಲು ಬಂತು.

ಕ್ಯಾಮೆರಾ ರಸ್ತೆ ನೋಡಿ ಮೊದಲೇ ಸಿದ್ಧವಾಗುವ ಗಾಡಿ ಬಂದಿದೆಯಂತೆ. ಹಾಗಾದರೆ ಮೋಡ್ ಯಾಕೆ ಬೇಕು?

2013ರಲ್ಲಿ ಮರ್ಸಿಡಿಸ್ ಎಸ್ ಕ್ಲಾಸ್‌ನಲ್ಲಿ ಬಂದದ್ದು ಅಂಥದ್ದೇ. ಗಾಜಿನ ಹಿಂದಿನ ಜೋಡಿ ಕ್ಯಾಮೆರಾ ಮುಂದಿನ ಉಬ್ಬನ್ನು ನೋಡಿ, ಚಕ್ರ ಅಲ್ಲಿಗೆ ತಲುಪುವ ಮೊದಲೇ ಸಸ್ಪೆನ್ಷನ್ನನ್ನು ಸಿದ್ಧಗೊಳಿಸುತ್ತದೆ. ಈವರೆಗೆ ಹೇಳಿದ ಎಲೆಕ್ಟ್ರಾನಿಕ್ ಶಾಕ್ ಅಬ್ಸಾರ್ಬರ್‌ಗಳು ಚಲನೆಯನ್ನು ತಡೆಯಬಲ್ಲವೇ ಹೊರತು ತಾವಾಗಿ ಚಕ್ರವನ್ನು ಎತ್ತಲಾರವು. ಇದು ಎಣ್ಣೆಯ ಒತ್ತಡದಿಂದ ಎತ್ತಬಲ್ಲದು. ಇಂಥ ಸಕ್ರಿಯ ಸಸ್ಪೆನ್ಷನ್ನನ್ನು ಫಾರ್ಮುಲಾ ಒನ್ ಸ್ಪರ್ಧೆ 1994ರಿಂದ ನಿಷೇಧಿಸಿತು. ಆದರೆ ಕ್ಯಾಮೆರಾಕ್ಕೆ ಬೆಳಕು ಬೇಕು, ನೋಟ ತಿಳಿಯಾಗಿರಬೇಕು. ಆಗುಂಬೆಯ ಮಂಜಿನಲ್ಲಿ, ಕೆಂಪು ನೀರು ತುಂಬಿ ರಸ್ತೆಯಷ್ಟೇ ಸಮವಾಗಿ ಕಾಣುವ ಗುಂಡಿಯ ಮುಂದೆ ಅದಕ್ಕೂ ನಮ್ಮಷ್ಟೇ ಕಾಣುವುದು.

ಹೊಸ ಗಾಡಿ ತಗೊಳ್ತಿದ್ದೇವೆ. ಇದಕ್ಕೆ ಲಕ್ಷಗಟ್ಟಲೆ ಹೆಚ್ಚು ಕೊಡಬೇಕಾ?

ತಿಂಗಳಿಗೆ ಹಲವು ಬಾರಿ ಘಟ್ಟವನ್ನೂ ದೊಡ್ಡ ರಸ್ತೆಯನ್ನೂ ಒಂದೇ ಗಾಡಿಯಲ್ಲಿ ಓಡಿಸುವವರಿಗೆ, ಹಿಂದಿನ ಸೀಟಿನಲ್ಲಿ ವಯಸ್ಸಾದವರು ಕೂರುವ ಮನೆಗೆ, ಎಲೆಕ್ಟ್ರಾನಿಕ್ ಶಾಕ್ ಅಬ್ಸಾರ್ಬರ್ ಕೊಟ್ಟ ಹಣಕ್ಕೆ ಮೋಸವಿಲ್ಲ. ಏರ್ ಸಸ್ಪೆನ್ಷನ್ ಬಗ್ಗೆ ನಾನು ಅಷ್ಟು ಧೈರ್ಯವಾಗಿ ಹೇಳಲಾರೆ. ಅದನ್ನು ಬಲ್ಲ ವರ್ಕ್‌ಶಾಪ್ ಮನೆಯಿಂದ ಎಷ್ಟು ದೂರವಿದೆ ಎಂದು ಮೊದಲು ವಿಚಾರಿಸಿ. ಟೆಸ್ಟ್ ಡ್ರೈವ್ ಕೊಡುವವರು ಒಳ್ಳೆಯ ರಸ್ತೆಯಲ್ಲೇ ಒಂದು ಸುತ್ತು ಹೊಡೆಸಿ ತರುತ್ತಾರೆ. ನೀವು ದಿನವೂ ಓಡಾಡುವ, ಕಿತ್ತುಹೋದ ಒಂದು ರಸ್ತೆಯ ಹೆಸರು ಹೇಳಿ ಅಲ್ಲಿಗೇ ಹೋಗಬೇಕೆನ್ನಿ. ಹೋಗುವಾಗ ನೀವು ಓಡಿಸಿ, ಬರುವಾಗ ಹಿಂದಿನ ಸೀಟಿನಲ್ಲಿ ಕೂತು, ಮೋಡ್ ಬದಲಾಯಿಸಲು ಮುಂದಿನವರಿಗೆ ಹೇಳಿ. ಅವರು ಯಾವುದನ್ನು ಹಾಕಿದರೆಂದು ಕೇಳದೆಯೇ ನಿಮ್ಮ ಬೆನ್ನಿಗೆ ಗೊತ್ತಾದರೆ ಹಣ ಕೊಡಿ.